ಜೀಪಿನ ಹೊದಿಕೆಯಲ್ಲಿ ಐದು ಅಕ್ಕಿಕಾಳು

ಮೊದಲ ನೋಟಕ್ಕೆ ಬಸಲಿಂಗವ್ವ ಲಾಭ ತರುವ ಸರಕಲ್ಲ. ಎತ್ತರ ಐದಡಿಗೆ ಎರಡಿಂಚು ಕಡಿಮೆ. ತೂಕವೋ, ಇಳಕಲ್ ಸೀರೆ, ಅದರ ಮೇಲಿನ ಎರಡು ಸ್ವೆಟರ್, ಕಾಲಲ್ಲಿದ್ದ ಗಂಡನ ಹಳೇ ಬೂಟು ಎಲ್ಲ ಸೇರಿಸಿದರೂ ಅರ್ಧ ಕ್ವಿಂಟಲ್ ಮುಟ್ಟದು. ವಯಸ್ಸು ಐವತ್ತೆರಡು. ಎಡಗಣ್ಣಿಗೆ ಪೊರೆ ಬರತೊಡಗಿತ್ತು. ಬರುತ್ತಿದ್ದ ಇಂಗ್ಲಿಷು ‘ಸಾರಿ’ ಮತ್ತು ‘ಟೂ ಮಚ್ ರೇನ್’ ಇಷ್ಟೇ. ಲಂಡನ್ನಿಗೆ ಅದು ಸಾಕೂ ಆಗುತ್ತಿತ್ತು. ಆದರೆ ಸರಕನ್ನು ಮಗುಚಿ ನೋಡದೆ ಬೆಲೆ ಕಟ್ಟುವವನು ವ್ಯಾಪಾರಿಯಲ್ಲ. ಆಕೆಯ ಬಲಗೈ ಮಗುಚಿದರೆ ಹೆಬ್ಬೆರಳು ಕಾಣುತ್ತಿತ್ತು, ಎಮ್ಮೆಯ ಗೊರಸಿನಷ್ಟು ಗಟ್ಟಿ. ಮೂರು ಪದರ ಕ್ಯಾನ್ವಾಸಿನಲ್ಲಿ ಸೂಜಿ ತೂರಿಸಲು ಉಳಿದವರು ಇಕ್ಕಳ ಹುಡುಕುತ್ತಿದ್ದರೆ ಆಕೆಗೆ ಆ ಹೆಬ್ಬೆರಳೇ ಸಾಕು.

ಹೆಬ್ಬೆರಳು ನೋಡಿ ಕೆಲಸ ಕೊಟ್ಟವನು ಬೆಳಗಾವಿಯ ವೀರಣ್ಣ. ಲಂಡನ್ನಿನ ಅಂಚಿನ ಹೇಸ್‌ನ ಗೋದಾಮುಗಳ ಸಾಲಿನಲ್ಲಿ ಅವನದೊಂದು ಯೂನಿಟ್. ಚಾವಣಿಯಿಲ್ಲದ ಜೀಪುಗಳಿಗೆ ಹೊದಿಕೆ ಹೊಲಿಸಿ ಮಾರುವುದು ಅವನ ದಂಧೆ. ವರ್ಷಕ್ಕೆ ಇಪ್ಪತ್ತು ದಿನ ಬಿಸಿಲು ಬೀಳುವ ದೇಶದಲ್ಲಿ ನೆತ್ತಿ ತೆರೆದ ಗಾಡಿಗೆ ದುಡ್ಡು ಸುರಿಯುವ ಜನ ಇರುವವರೆಗೆ ಅವನಿಗೆ ಅನ್ನದ ಚಿಂತೆ ಇರಲಿಲ್ಲ. “ಮಂದಿ ಶಾಣ್ಯಾ ಆದ್ರ ನಾವು ಉಪವಾಸ,” ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಸಿಂದಗಿ ಕಡೆಯ ಬಸಲಿಂಗವ್ವ ಹುಟ್ಟೂರಿನಲ್ಲಿ ಹಳೇ ಬಟ್ಟೆ ಕೂಡಿಸಿ ಕೌದಿ ಹೊಲಿದವಳು. ಜೀಪನ್ನು ಮೊದಲ ಸಲ ಕಂಡಾಗ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸೀಟು ಒತ್ತಿ ನೋಡಿ, “ಪಾಪ, ಬರೀ ಮೈಲೆ ಐತಲ್ರಿ ಇದು,” ಎಂದಳು. ಮೂರು ತಿಂಗಳಲ್ಲಿ ವೀರಣ್ಣನಿಗೆ ಗೊತ್ತಿಲ್ಲದ್ದೂ ಆಕೆಗೆ ಗೊತ್ತಾಗಿತ್ತು. ನೀರು ಬಟ್ಟೆಯಿಂದಲ್ಲ, ಸೂಜಿ ಮಾಡಿದ ತೂತಿನಿಂದ ಇಳಿಯುತ್ತದೆ. ಹಾಗಾಗಿ ಹತ್ತಿಯ ದಾರ ಬೇಕು, ನೆನೆದರೆ ಅದು ಉಬ್ಬಿ ತೂತು ಮುಚ್ಚುತ್ತದೆ, ಮೇಲೆ ಮೇಣ ಉಜ್ಜಿದರೆ ಇನ್ನೂ ಭದ್ರ. ಗಾಳಿಯಾಡಲು ಸ್ಟೇರಿಂಗ್ ಕೆಳಗೆ ಅಂಗೈಯಗಲ ಕಿಂಡಿ ಬಿಡಲೇಬೇಕು. “ಮಳಿ ಹೊರಗಿಂದ ಬರತೈತ್ರಿ, ಬೂಸ್ಟು ಒಳಗಿಂದ ಬರತೈತಿ. ಎರಡೂ ಕಡೆ ಕಾಯಬೇಕು,” ಎನ್ನುತ್ತಿದ್ದಳು.

ಬೂಸ್ಟಿನ ವಿಷಯ ಆಕೆಗೆ ಮನೆಯಲ್ಲೇ ಪಾಠವಾಗಿತ್ತು. ಗಂಡ ಜಗದೇವಪ್ಪ ಏರ್‌ಪೋರ್ಟಿನ ಸರಕು ಗೋದಾಮಿನಲ್ಲಿ ದುಡಿದು ದುಡಿದು ಎದೆ ಕೆಡಿಸಿಕೊಂಡು ಮನೆ ಹಿಡಿದಿದ್ದ. ಮನೆಯೆಂದರೆ ಬಾಡಿಗೆಯ ಸಾಲುಮನೆಯೊಂದರ ಹಿಂಬದಿಗೆ ಅಂಟಿಸಿದ ಕೋಣೆ. ಗೋಡೆ ಸದಾ ಬೆವರುತ್ತಿತ್ತು. ಹಾಸಿಗೆಯ ತಲೆದೆಸೆಯಲ್ಲಿ ಕಪ್ಪು ಬೂಸ್ಟು ನಕಾಶೆಯಂತೆ ಹಬ್ಬಿತ್ತು. ಆಕೆ ವಾರಕ್ಕೊಮ್ಮೆ ಉಜ್ಜಿ ತೆಗೆಯುವಳು, ಅದು ವಾರದೊಳಗೆ ಮರಳಿ ಬರುವುದು. ಡಾಕ್ಟರು ನೇರವಾಗಿ ಹೇಳಿದ್ದರು: ಇನ್ನೊಂದು ಚಳಿಗಾಲ ಈ ಕೋಣೆಯಲ್ಲಿ ಕಳೆದರೆ ಈ ಎದೆ ತಡೆಯದು. ಕೌನ್ಸಿಲ್ಲಿನ ಸರ್ಕಾರಿ ಮನೆಗಳ ಪಟ್ಟಿಯಲ್ಲಿ ಹೆಸರೇನೋ ಇತ್ತು, ನೂರಾರು ಹೆಸರುಗಳ ಕೆಳಗೆ.

“ನೀ ಜೀಪಿಗೆ ಹೊಚ್ಚತಿ, ನನಗ ಯಾವಾಗ ಹೊಚ್ಚತಿ?” ಎಂದು ಜಗದೇವಪ್ಪ ಕೆಮ್ಮಿನ ನಡುವೆ ಕೆಣಕುತ್ತಿದ್ದ.

“ನಿಮಗ ನಾಲ್ಕು ಗಾಲಿ ಇಲ್ಲಲ್ರಿ, ರೇಟ್ ಬರೂದಿಲ್ಲ,” ಎನ್ನುತ್ತಿದ್ದಳು ಆಕೆ. ಹಾಗೆಂದು ಪಾತ್ರೆಯತ್ತ ಮುಖ ತಿರುಗಿಸುತ್ತಿದ್ದಳು.

೧೯೯೮ರ ಜೂನಿನಲ್ಲಿ ದಾರಿಯೊಂದು ಕಂಡಿತು. ಮದುವೆಗಳಿಗೆ ಜೀಪು ಬಾಡಿಗೆಗೆ ಕೊಡುವ ಕಂಪನಿಯೊಂದು ಹನ್ನೆರಡು ಹೊದಿಕೆ ಕೇಳಿತು. ವೀರಣ್ಣ ಖುಷಿಯಲ್ಲಿ ಮಾತು ಕೊಟ್ಟ: “ಅವ್ವಾ, ಇದನ್ನ ಮುಗಿಸು. ದೀಪಾವಳಿಗೆ ನಮ್ಮ ಮನೀ ಮ್ಯಾಲಿನ ಕೋಣಿ ಖಾಲಿ ಆಗತೈತಿ. ಬೆಚ್ಚಗ ಐತಿ, ಒಣಗೈತಿ. ನಿಮಗ.” ಅಂದಿನಿಂದ ಆಕೆ ಹೊಲಿದದ್ದು ಹೊದಿಕೆಯನ್ನಲ್ಲ, ಆ ಒಣ ಕೋಣೆಯನ್ನು.

ಒಂದು ಅಭ್ಯಾಸವನ್ನು ಮಾತ್ರ ಆಕೆ ಸಿಂದಗಿಯಲ್ಲಿ ಬಿಟ್ಟು ಬಂದಿರಲಿಲ್ಲ. ಅವಳ ತಾಯಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೆ ಐದು ಕಾಳು ಇಡುತ್ತಿದ್ದಳು; ಹೊದಿಕೆಯ ಹೊಟ್ಟೆ ಖಾಲಿ ಇರಬಾರದು. ಬಸಲಿಂಗವ್ವ ಜೀಪಿನ ಹೊದಿಕೆಗೂ ಐದು ಅಕ್ಕಿಕಾಳು ಇಟ್ಟಳು. ಹನ್ನೆರಡಕ್ಕೂ.

ಇದನ್ನು ಕಂಡವನು ಪಕ್ಕದ ಯೂನಿಟ್‌ನ ಕಾಳಿನ ವ್ಯಾಪಾರಿ. ತುಮಕೂರು ಕಡೆಯವನು, ವೆಂಬ್ಲಿಯ ಈಲಿಂಗ್ ರೋಡಿನ ಅಂಗಡಿಗಳಿಗೆ ಜೋಳ, ಶೇಂಗಾ ಹಾಕುತ್ತಿದ್ದ, ದಿನಕ್ಕೆರಡು ಸಲ ವೀರಣ್ಣನಲ್ಲಿಗೆ ಬಿಟ್ಟಿ ಚಹಾಕ್ಕೆ ಬರುತ್ತಿದ್ದ.

“ಏನಮ್ಮಾ, ಜೀಪಿಗೂ ಊಟ ಹಾಕ್ತೀಯಾ? ಉಪ್ಪಿನಕಾಯಿ ಬೇಡ್ವಾ?”

“ಹಸದ ಹೊದಿಕಿ ಹೊದ್ದಾವ್ರನ್ನ ತಿಂತೈತ್ರಿ, ಸಾವಕಾರ್ರ. ನಗಬ್ಯಾಡ್ರಿ.”

ಅವನು ನಕ್ಕ. ಅಷ್ಟಕ್ಕೇ ಬಿಡದೆ ವೀರಣ್ಣನಿಗೂ ಹೇಳಿ ನಗಿಸಿದ.

ಹೊದಿಕೆಗಳು ಜುಲೈ ಕೊನೆಗೆ ಸಿದ್ಧವಾದವು. ಕಂಪನಿಯವರು ಒಯ್ಯಲು ಮೂರು ವಾರ ತಡವಾಯಿತು. ವೀರಣ್ಣನಲ್ಲಿ ಜಾಗವಿರಲಿಲ್ಲವೆಂದು ಹನ್ನೆರಡನ್ನೂ ಮಡಿಸಿ, ತಳಕ್ಕೆ ಕೆಲವು, ಅವುಗಳ ಮೇಲೆ ಉಳಿದವು ಎಂದು ಪೇರಿಸಿ ಪಕ್ಕದ ಯೂನಿಟ್‌ನಲ್ಲಿ, ಶೇಂಗಾ ಚೀಲಗಳ ಮಗ್ಗುಲಿಗೆ ಇಟ್ಟರು.

ಅಕ್ಟೋಬರಿನ ಮೊದಲ ಜೋರು ಮಳೆಗೆ ಫೋನು ಬಂತು. ಐದು ಜೀಪುಗಳ ಒಳಗೆ ನೀರು. ಸೀಟಿನ ಫೋಮು ನೆನೆದು ಕೊಳೆತ ವಾಸನೆ, ಕಾರ್ಪೆಟ್ಟಿನ ಕೆಳಗೆ ತುಕ್ಕು. ಮರುದಿನ ಐದು ಹೊದಿಕೆಗಳು ವಾಪಸು ಬಂದವು. ಪ್ರತಿಯೊಂದರ ಮಡಿಕೆಯಲ್ಲಿ ಇಲಿ ಕಡಿದ ತೂತು, ಕಂಡೂ ಕಾಣದಷ್ಟು ಸಣ್ಣದು.

ಕಾಳಿನ ವ್ಯಾಪಾರಿ ಆಗ ಅಲ್ಲೇ ಚಹಾ ಹಿಡಿದು ನಿಂತಿದ್ದ. ವೀರಣ್ಣ ಕತ್ತರಿ ತಂದು ಒಂದು ಮೂಲೆ ಸೀಳಿದ. ಐದು ಅಕ್ಕಿಕಾಳು ಸಿಮೆಂಟಿನ ಮೇಲೆ ಉದುರಿದವು.

“ಕಾಳ ಹಾಕಿ ಇಲಿ ಕರದೀ ಅಲ್ಲಬೇ!” ಎಂದ ವೀರಣ್ಣ.

ಬಸಲಿಂಗವ್ವ ಅಳಲಿಲ್ಲ. ಹೊದಿಕೆ ಎತ್ತಿ ಬೆಳಕಿಗೆ ಹಿಡಿದಳು. “ಕಾಳ ಮೂಲ್ಯಾಗ ಅದಾವ್ರಿ. ಇಲಿ ಕಡದದ್ದು ನಡುವ ಐತಿ. ಹನ್ನೆರಡಕ್ಕೂ ಕಾಳ ಹಾಕೀನಿ. ಐದಕ್ಕ ಯಾಕ ಕಡದಾವು? ತಳದಾಗ ಇಟ್ಟಿದ್ದು ಎಷ್ಟು ಅಂತ ಕೇಳ್ರಿ.”

ತಳದಲ್ಲಿ ಎಷ್ಟಿದ್ದವೆಂದು ಹೇಳಬಲ್ಲವನು ಅಲ್ಲಿ ಒಬ್ಬನೇ ಇದ್ದ. ವೀರಣ್ಣ ಆ ವ್ಯಾಪಾರಿಯತ್ತ ತಿರುಗಿದ. ಆದರೆ ಕೇಳಿದ್ದು ಬೇರೆ. “ಆಕಿ ಕಾಳ ಹಾಕ್ತಾಳಂತ ನೀವ ಹೇಳಿದ್ರೆಲ್ಲಾ?”

“ಹೂಂ, ಹೇಳಿದ್ದೆ,” ಎಂದ ವ್ಯಾಪಾರಿ. ಚಹಾ ಆರುತ್ತಿತ್ತು. ಕುಡಿದ.

ಆ ಸಂಜೆಗೆ ಬಸಲಿಂಗವ್ವನ ಕೆಲಸ ಹೋಯಿತು. ದೀಪಾವಳಿಗೆ ಮೇಲಿನ ಕೋಣೆಗೆ ಬೇರೆಯವರು ಬಂದರು. ಆಕೆ ಉಳಿದ ಕ್ಯಾನ್ವಾಸು ಚೂರುಗಳನ್ನು ತಂದು ಒದ್ದೆ ಗೋಡೆಗೆ ಮೊಳೆ ಹೊಡೆದು ಕಟ್ಟಿದಳು, ಮೇಣ ಉಜ್ಜಿದಳು, ಕೆಳಗೆ ಅಂಗೈಯಗಲ ಕಿಂಡಿಯನ್ನೂ ಬಿಟ್ಟಳು. ಜೀಪಿಗೆ ನಡೆಯುವ ಉಪಾಯ ಗೋಡೆಗೆ ನಡೆಯಲಿಲ್ಲ. ಬೂಸ್ಟು ಕ್ಯಾನ್ವಾಸಿನ ಹಿಂದೆ ಸೇರಿಕೊಂಡು ಬೆಳೆಯಿತು. “ಅಂತೂ ನನಗೂ ಹೊಚ್ಚಿದೆಲ್ಲ ಬಿಡು,” ಎಂದ ಜಗದೇವಪ್ಪ. ಜನವರಿಯಲ್ಲಿ ತೀರಿಕೊಂಡ.

ಮಾರ್ಚಿನಲ್ಲಿ, ಊರಿಗೆ ಮರಳುವ ಮುನ್ನ, ಆಕೆ ಕಾಳಿನ ವ್ಯಾಪಾರಿಯ ಬಾಗಿಲಿಗೆ ಬಂದಳು. ಕಂಕುಳಲ್ಲಿ ಒಂದು ಗಂಟು. ಬಿಚ್ಚಿದರೆ ಕ್ಯಾನ್ವಾಸಿನ ಹೊದಿಕೆ. ಶೇಂಗಾ ಚೀಲಗಳ ಸಾಲಿಗೆ ಗೆರೆ ಕೊರೆದಂತೆ ಹೊಂದುವ ಅಳತೆ. ಗೋಡೆಯಿಂದ ಬಿಚ್ಚಿ ತಂದ ಬಟ್ಟೆಯೆಂದು ಒಳಬದಿಯ ಕಪ್ಪು ಕಲೆಗಳೇ ಹೇಳುತ್ತಿದ್ದವು.

“ಮುಚ್ಚಿಡ್ರಿ ಸಾವಕಾರ್ರ. ನಿಮ್ಮಲ್ಲಿ ಇಲಿ ಭಾಳ ಅದಾವ.”

ಅವನು ಮೂಲೆ ಮುಟ್ಟಿ ನೋಡಿದ. ಹೊಲಿಗೆ ಹಾಕದೆ ಬಿಟ್ಟಿದ್ದಳು.

“ಇದಕ್ಕ ಕಾಳ ಹಾಕಿಲ್ರಿ,” ಎಂದಳು. “ನಿಮ್ಮ ಹತ್ರ ಅದಾವಲ್ಲ.”

ದಾರಿಗೆಂದು ಅವನು ಒಂದು ಸೇರು ಶೇಂಗಾ ಕಟ್ಟಿ ಕೊಟ್ಟ. ಆಕೆ ತೆಗೆದುಕೊಂಡಳು, ಬೇಡವೆನ್ನುವುದು ಅವಳ ರೀತಿಯಲ್ಲ. ಎರಡು ಸ್ವೆಟರಿನ ಆ ಪುಟ್ಟ ಬೆನ್ನು ಗೋದಾಮುಗಳ ಸಾಲು ದಾಟಿ, ತುಂತುರಿನಲ್ಲಿ ಬಸ್ ಸ್ಟಾಪಿನ ಕಡೆ ಹೋಯಿತು.

ಹತ್ತು ವರ್ಷವಾಗಿದೆ. ಆ ಹೊದಿಕೆಯೊಳಗೆ ಒಂದು ಹನಿ ನೀರು ಇಳಿದಿಲ್ಲ. ಮೂಲೆ ಇನ್ನೂ ತೆರೆದೇ ಇದೆ. ಆ ಕಾಳಿನ ವ್ಯಾಪಾರಿ ನಾನು. ತಳದಲ್ಲಿದ್ದದ್ದು ಐದು, ಇಲಿಗಳು ನನ್ನವು: ವೀರಣ್ಣನ ಮುಂದೆ ಅಂದು ಹೇಳದ ಈ ಮಾತನ್ನು ನಾನು ಬಸಲಿಂಗವ್ವನಿಗೆ ಕೊಡಬೇಕಾಗಿದೆ.