ದೊಡ್ಡಮ್ಮ ಅಳಿಸಿದ ಅಂಕೆಗಳು

ನಮ್ಮ ದೊಡ್ಡಮ್ಮನ ಹೊಲಿಗೆಯಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ತಮಾಷೆಯಲ್ಲ, ಅದಕ್ಕೇ ನನಗೆ ಸಂಬಳ. ಆಸ್ಪತ್ರೆ, ಹೋಟೆಲುಗಳಿಗೆ ಬಿಳಿ ಸಮವಸ್ತ್ರ ಹೊಲಿಯುವ ಕಾರ್ಖಾನೆ ನಮ್ಮದು. ಅವಳು ತೋಳು ಜೋಡಿಸುವ ಸಾಲಿನಲ್ಲಿ ಕೂರುತ್ತಾಳೆ, ನಾನು ಕೊನೆಯ ಚೆಕಿಂಗ್ ಟೇಬಲ್ಲಿನ ಹಿಂದೆ ನಿಲ್ಲುತ್ತೇನೆ. ಇಷ್ಟು ವರ್ಷದಲ್ಲಿ ಅವಳ ಒಂದೇ ಒಂದು ಅಂಗಿಯನ್ನೂ ನಾನು ವಾಪಸ್ ಕಳಿಸಿಲ್ಲ. ಅವಳು ತಪ್ಪು ಮಾಡುವುದಿಲ್ಲ ಅಂತಲ್ಲ. ತಪ್ಪಿದ ಹೊಲಿಗೆ ನನ್ನ ಕಣ್ಣಿಗೆ ಬೀಳುವ ಮೊದಲೇ ಬಿಚ್ಚಿ, ಸೂಜಿಯ ತೂತುಗಳನ್ನು ಉಗುರಿನಿಂದ ತೀಡಿ, ಮತ್ತೆ ಹೊಲಿದಿರುತ್ತಾಳೆ. “ಕೆಟ್ಟಿದ್ದನ್ನ ಬಿಚ್ಚಿ ಹಾಕು, ಯಾರಿಗೂ ತೋರಿಸ್ಬೇಡ” ಎಂಬುದು ಹೊಸಬರಿಗೆ ಅವಳು ಹೇಳಿಕೊಡುವ ಮೊದಲ ಪಾಠ. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡೇ ಹೇಳಿಕೊಡುತ್ತಾಳೆ.

ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಯಿತು. ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ದಿನಕ್ಕೆ ಹಲವು ಸಲ ಬೆರಳಿನಿಂದ ಹನಿ ರಕ್ತ ತೆಗೆದು ಮೀಟರಿನಲ್ಲಿ ನೋಡಿಕೊಳ್ಳುತ್ತಾಳೆ. ಬಿಳಿ ಬಟ್ಟೆಗೆ ಕಲೆ ತಾಗೀತೆಂದು ಎಡಗೈಯ ಕಿರುಬೆರಳೊಂದನ್ನೇ ಚುಚ್ಚುವುದು. ಪಾಪ, ಅದರ ತುದಿ ಜರಡಿಯಾಗಿದೆ.

ಒಂದು ಮಧ್ಯಾಹ್ನ ಮೆಷಿನ್ ಮುಂದೆ ಕೂತಿದ್ದಾಗಲೇ ಅವಳ ಸಕ್ಕರೆ ಇಳಿದುಹೋಯಿತು. ಸಕ್ಕರೆ ಇಳಿದಾಗ ಎಲ್ಲರಿಗೂ ಆಗುವಂತೆ ಬೆವರಲಿಲ್ಲ, ನಡುಗಲಿಲ್ಲ. ಕಾಲು ಪೆಡಲಿನ ಮೇಲೆಯೇ ಇತ್ತು, ಮೆಷಿನ್ ಓಡುತ್ತಲೇ ಇತ್ತು, ಸೂಜಿ ತೋರುಬೆರಳಿನ ಉಗುರನ್ನು ತೂರಿ ಇಳಿಯಿತು. ನಾನು ಓಡಿಹೋದಾಗ ಅವಳು ಆ ಬೆರಳನ್ನು ಸುಮ್ಮನೆ ನೋಡುತ್ತಿದ್ದಳು, ಅದು ಯಾರದೋ ಬೆರಳೆಂಬಂತೆ.

ಗಾಯ ಮಾಗಿ ಕೆಲಸಕ್ಕೆ ಬಂದ ದಿನ ಸೂಪರ್‌ವೈಸರ್ ಬಂದು ನಿಂತ.

“ಅಮ್ಮ, ನೀವು ದೊಡ್ಡವರು, ನಿಮಗೆ ಹೇಳೋಕೆ ನಂಗೂ ಬೇಜಾರು. ತೋಳಿಗೆ ಅಂಟಿಸ್ಕೊಳ್ಳೋ ಹೊಸ ಸೆನ್ಸರ್ ಬಂದಿದೆಯಂತೆ. ಸಕ್ಕರೆ ಇಳೀತಾ ಬಂದ್ರೆ ತಾನೇ ಕೂಗ್ಕೊಳ್ಳತ್ತಂತೆ. ಅದನ್ನ ಹಾಕಿಸ್ಕೊಂಡು ಬನ್ನಿ, ಅವತ್ತೇ ಮೆಷಿನ್ ಬಿಟ್ಟುಕೊಡ್ತೀನಿ. ಅಲ್ಲೀವರೆಗೆ ದಾರ ಕತ್ತರಿಸಿ.”

ಹೊಲಿದ ಬಟ್ಟೆಯಿಂದ ಜೋತುಬಿದ್ದ ದಾರ ಕತ್ತರಿಸುವುದು ನಿನ್ನೆ ಮೊನ್ನೆ ಸೇರಿದವರ ಕೆಲಸ. ಹದಿನಾರರ ವಯಸ್ಸಿನಿಂದ ಮೆಷಿನ್ ತುಳಿದವಳು ಚಿಟಿಕೆ ಕತ್ತರಿ ಹಿಡಿದು ಮೂಲೆಯಲ್ಲಿ ಕೂತಳು. ಅವಳ ಮೆಷಿನ್ನಿನ ಮೇಲೆ ಬಟ್ಟೆ ಹೊದಿಸಿದ್ದರು. ಅವಳು ಆ ಕಡೆ ಮುಖ ಹಾಕಲಿಲ್ಲ. “ನಂಗೆ ನನ್ನ ಮೆಷಿನ್ ಬೇಕು ಕಣೇ, ಇನ್ನೇನೂ ಬೇಡ” ಎಂದಳು.

ಸೆನ್ಸರ್ ಕೇಳಿದೊಡನೆ ಕೈಗೆ ಸಿಗುವ ವಸ್ತುವಲ್ಲ. ಡಾಕ್ಟರ್ ಬರೆದುಕೊಡಬೇಕು, ಖರ್ಚು ಕೊಡಲು ವಿಮೆಯವರು ಒಪ್ಪಬೇಕು. ಇಬ್ಬರೂ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದೆವು. ಬೆಂಚಿನ ಮೇಲೆ ಕೂತು ಕೂತು ಬೆನ್ನು ಹಿಡಿದುಕೊಂಡಿತು. ಕೊನೆಗೆ ಒಳಗೆ ಕರೆದಾಗ ಡಾಕ್ಟರಮ್ಮ ಮೀಟರಿನ ಹಳೆಯ ಅಂಕೆಗಳನ್ನು ಒಂದೊಂದಾಗಿ ನೋಡಿದರು.

“ಎಷ್ಟು ಚೆನ್ನಾಗಿ ಇಟ್ಕೊಂಡಿದೀರಮ್ಮ! ಮೂರು ತಿಂಗಳ ಸರಾಸರಿನೂ ಚೆನ್ನಾಗಿದೆ.”

ದೊಡ್ಡಮ್ಮ ಶಾಲೆಯಲ್ಲಿ ಬಹುಮಾನ ಬಂದ ಹುಡುಗಿಯ ಹಾಗೆ ನಕ್ಕಳು. ನಾನು ಅವಳ ಕೈ ಎಳೆದು ಉಗುರು ತೋರಿಸಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಬೇಕಂತೆ. “ಒಂದು ಸಲ ಆಗಿದ್ದು ಸಾಲಲ್ಲ ಅಂತಾರೆ ವಿಮೆಯವರು. ಪದೇ ಪದೇ ಇಳೀತಿದೆ ಅಂತ ಮೀಟರ್‌ನಲ್ಲಿ ಕಾಣ್ಬೇಕು. ಇದರಲ್ಲಿ ಒಂದೂ ಇಲ್ವಲ್ಲ” ಎಂದರು ಡಾಕ್ಟರಮ್ಮ. ಅವರ ಕಣ್ಣ ಕೆಳಗೂ ಕಪ್ಪು ಬಿದ್ದಿತ್ತು. ಹಳೆಯ ನಮೂನೆಯ ಸೆನ್ಸರ್ ಬೇಕಾದರೆ ಕೊಡಿಸಬಹುದು, ಆದರೆ ಅದು ತಾನಾಗಿ ಕೂಗುವುದಿಲ್ಲ, ನಾವೇ ಫೋನ್ ಹಿಡಿದು ನೋಡಬೇಕು ಎಂದರು. ಮೈಮರೆತವಳು ಫೋನ್ ಹಿಡಿಯುವುದುಂಟೇ?

ಮತ್ತೆ ಹೋದೆವು. ಅದೇ ಬೆಂಚು, ಅದೇ ಅಂಕೆಗಳು, ಅದೇ ಹೊಗಳಿಕೆ. ಬಸ್ಸಿನಲ್ಲಿ ವಾಪಸ್ ಬರುವಾಗ ಇಬ್ಬರೂ ಸೀಟಿಗೆ ಒರಗಿ ನಿದ್ದೆಹೋದೆವು.

ಆ ವಾರವೇ ಊಟದ ಬಿಡುವಿನಲ್ಲಿ ನೀರು ತರಲು ಅವಳ ಹಿಂದಿನಿಂದ ಹಾದುಹೋಗುತ್ತಿದ್ದೆ. ಅವಳು ಬೆರಳು ಚುಚ್ಚಿ ಮೀಟರ್ ನೋಡುತ್ತಿದ್ದಳು. ಐವತ್ತನಾಲ್ಕು. ಎಪ್ಪತ್ತರ ಕೆಳಗೆ ಇಳಿದರೇ ಅಪಾಯ. ಅವಳು ಏನೂ ಆಗದವಳಂತೆ ಬಾಯಿಗೆ ಸಕ್ಕರೆ ಹಾಕಿಕೊಂಡು ಒಂದು ಗುಂಡಿ ಒತ್ತಿದಳು. ಅಂಕೆ ಮಾಯ.

“ಏನ್ ಮಾಡ್ದೆ ದೊಡ್ಡಮ್ಮ?”

“ಬಿಚ್ಚಿ ಹಾಕ್ದೆ.”

“ಏನನ್ನ?”

“ಕೆಟ್ಟಿತ್ತಲ್ಲ. ಆಮೇಲೆ ಇನ್ನೊಂದು ಸಲ ನೋಡ್ಕೊಂಡ್ರೆ ಸರಿಯಾಗಿರತ್ತೆ. ಡಾಕ್ಟರಮ್ಮಂಗೆ ಅದನ್ನ ತೋರಿಸಿದ್ರಾಯ್ತು.”

ನನ್ನ ತಲೆ ಕೆಟ್ಟುಹೋಯಿತು. ಊಟ ಮಾಡುತ್ತಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಾಡಿದೆ. ಸಾಕ್ಷಿ ಇಲ್ಲ ಅಂತ ನಾವು ಆಸ್ಪತ್ರೆಗೆ ಚಪ್ಪಲಿ ಸವೆಸುತ್ತಿದ್ದರೆ, ಇವಳು ಸಾಕ್ಷಿಯನ್ನೇ ದಾರ ಎಳೆದಂತೆ ಎಳೆದು ಬಿಸಾಡುತ್ತಿದ್ದಾಳೆ!

“ಇಷ್ಟು ವರ್ಷ ಒಳ್ಳೇದು ತೋರಿಸ್ದೋಳು ಈಗ ಕೆಟ್ಟದ್ದು ಹಿಡ್ಕೊಂಡು ಹೋಗಿ ನಿಲ್ಲಲಾ? ನಾಚಿಕೆ ಆಗತ್ತೆ ಕಣೇ.”

“ನಾಚಿಕೆ ಬೇಕಾ, ಮೆಷಿನ್ ಬೇಕಾ?”

ಅವಳು ಚಿಟಿಕೆ ಕತ್ತರಿ ತೆಗೆದುಕೊಂಡು ದಾರ ಕತ್ತರಿಸತೊಡಗಿದಳು. ಸಂಜೆ ಬಸ್ ನಿಲ್ದಾಣದಲ್ಲಿ ತಾನೇ ಬಾಯಿಬಿಟ್ಟಳು. “ನೀನೂ ಬಾ. ಡಾಕ್ಟರಮ್ಮಂಗೆ ಹೇಳ್ತೀನಿ.”

ಹೇಳಿದಳು ಕೂಡ, ನೆಲ ನೋಡುತ್ತ. ಡಾಕ್ಟರಮ್ಮ ಬೈಯಲಿಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ನಿಮ್ಮ ಹಾಗೆ ಮಾಡೋರು ಬೇಕಾದಷ್ಟು ಜನ ಇದಾರಮ್ಮ. ಯಾರೂ ಹೇಳಲ್ಲ ಅಷ್ಟೆ” ಎಂದರು. ಇನ್ಸುಲಿನ್ ಸ್ವಲ್ಪ ಕಡಿಮೆ ಮಾಡಿದರು. ಒಂದು ತಿಂಗಳು ಏನನ್ನೂ ಅಳಿಸದೆ ಬರಬೇಕು ಎಂದರು.

ಆ ತಿಂಗಳು ಅವಳನ್ನು ನೋಡಲಾಗುತ್ತಿರಲಿಲ್ಲ. ಔಷಧ ತಗ್ಗಿಸಿದರೂ ಸಕ್ಕರೆ ಇಳಿಯುತ್ತಲೇ ಇತ್ತು, ಇಳಿದ ಅಂಕೆ ಮೀಟರಿನಲ್ಲಿ ಉಳಿಯುತ್ತಲೂ ಇತ್ತು. ಪ್ರತಿ ಸಲವೂ ಯಾರೋ ತನ್ನನ್ನು ನಡುಬೀದಿಯಲ್ಲಿ ನಿಲ್ಲಿಸಿದಂತೆ ಕುಗ್ಗುತ್ತಿದ್ದಳು. ಕೊನೆಗೆ ಡಾಕ್ಟರಮ್ಮ ಅಂಕೆಗಳನ್ನು ನೋಡಿ ಮರುಮಾತಿಲ್ಲದೆ ಬರೆದುಕೊಟ್ಟರು. ವಿಮೆಯವರು ಒಂದು ಸಲ ತಿರುಗಿಸಿ ಕಳಿಸಿ, ಇನ್ನೊಂದು ಸಲ ಕಾಯಿಸಿ, ಅಂತೂ ಒಪ್ಪಿದರು. ಖುಷಿಪಡಲು ನಮ್ಮಲ್ಲಿ ತ್ರಾಣವಿರಲಿಲ್ಲ. “ಮುಗೀತಲ್ಲ” ಎಂದಳು ದೊಡ್ಡಮ್ಮ. “ಮುಗೀತು” ಎಂದೆ.

ಸೂಪರ್‌ವೈಸರ್ ಮಾತಿಗೆ ತಪ್ಪಲಿಲ್ಲ. ಅವಳೇ ಮೆಷಿನ್ನಿನ ಬಟ್ಟೆ ತೆಗೆದು, ಎಣ್ಣೆ ಬಿಟ್ಟು, ದಾರ ಪೋಣಿಸಿದಳು. ತೋಳಿನ ಹಿಂಭಾಗದಲ್ಲಿ ನಾಣ್ಯದಷ್ಟು ಅಗಲದ ಸೆನ್ಸರ್. ಬೆಳಿಗ್ಗೆಯೆಲ್ಲ ಅವಳ ಮೆಷಿನ್ ಸದ್ದು ಕೇಳುತ್ತ ನನ್ನ ಕೆಲಸವೂ ಹಗುರವಾಯಿತು.

ಮಧ್ಯಾಹ್ನದ ಹೊತ್ತಿಗೆ ಸೆನ್ಸರಿಗೆ ಜೋಡಿಸಿದ್ದ ಅವಳ ಫೋನ್ ಕಿರುಚಿಕೊಂಡಿತು. ನಾನು ಓಡಿದೆ. ಅವಳು ಹೊಲಿಯುತ್ತಲೇ ಇದ್ದಳು, ಕೈ ನೆಟ್ಟಗಿತ್ತು, ಹೊಲಿಗೆಯೂ ನೆಟ್ಟಗಿತ್ತು.

“ನಂಗೇನೂ ಆಗಿಲ್ಲ. ಇದೇ ಕೆಟ್ಟಿದೆ, ವಾಪಸ್ ಕೊಡು.”

“ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಮೊದಲು ಕಾಲು ತೆಗಿ” ಎಂದು ಪೆಡಲಿನಿಂದ ಅವಳ ಪಾದ ಸರಿಸಿದೆ. ಮೀಟರ್ ತೆಗೆದು ಅವಳ ಕಿರುಬೆರಳನ್ನು ನಾನೇ ಚುಚ್ಚಿದೆ. ನಲವತ್ತೊಂಬತ್ತು.

ಅವಳು ಮೀಟರನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ನಾನು ಸಕ್ಕರೆ ಕದಡಿದ ನೀರು ಕುಡಿಸಿದೆ. ಸೂಪರ್‌ವೈಸರ್ ಎರಡು ಹೆಜ್ಜೆ ಹತ್ತಿರ ಬಂದು ಅಲ್ಲೇ ನಿಂತ.

“ನಂಗೇನೂ ಅನಿಸಲೇ ಇಲ್ವಲ್ಲೇ” ಎಂದಳು ಮೆಲ್ಲಗೆ. “ಚೆನ್ನಾಗೇ ಇದೀನಿ ಅನ್ಕೊಂಡಿದ್ದೆ. ಬೆರಳಿಗೆ ಸೂಜಿ ಇಳಿದ ದಿನಾನೂ ಹೀಗೇ ಅನ್ಕೊಂಡಿದ್ದೆ. ಈಗಲೂ ಹಾಗೇ ಅನಿಸ್ತಿದೆ.”

ನನ್ನ ಟೇಬಲ್ಲಿನ ಮೇಲೆ ಅಂಗಿಗಳು ರಾಶಿ ಬೀಳುತ್ತಿದ್ದವು. ಎದ್ದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಯಾರ ಮುಂದೆಯೂ ಒಂದು ಲೋಟ ನೀರು ಕೇಳಿದವಳಲ್ಲ ನಮ್ಮ ದೊಡ್ಡಮ್ಮ.

“ಸ್ವಲ್ಪ ಹೊತ್ತು ಇಲ್ಲೇ ಕೂತ್ಕೊಳೇ. ನಂಗೆ ಭಯ ಆಗ್ತಿದೆ.”

ಪಕ್ಕದ ಸ್ಟೂಲ್ ಎಳೆದುಕೊಂಡು ಕೂತೆ.