ಹಾರದ ಕೊಕ್ಕೆ ಇರುವ ಜಪಾನಿನ ಹೂಗಳು

ಜೂನ್ ೨೬, ಗುರುವಾರ, ಬೆಳಿಗ್ಗೆ ಆರೂ ಮುಕ್ಕಾಲು. ನಿನ್ನೆ ಮಣ್ಣೆತ್ತಿನ ಅಮಾವಾಸ್ಯೆ. ಗೋಡೆಯ ಮಾಡದಲ್ಲಿ ಮಣ್ಣಿನ ಜೋಡೆತ್ತು ಇನ್ನೂ ಕೂತಿವೆ. ಅವ್ವ ಎದ್ದು ಸ್ನಾನದ ನೀರು ಕಾಯಲು ಇಟ್ಟಿದ್ದಾಳೆ. ಆಫೀಸಿಗೆ ಹೊರಡುವ ಮೊದಲು ಇದನ್ನು ಬರೆದು ಬ್ಲಾಗಿಗೆ ಹಾಕಿ ಮುಗಿಸಬೇಕು.

ನಮ್ಮ ಮನೆಯಲ್ಲಿ ಅಮಾವಾಸ್ಯೆ ಎಂದರೆ ಫೋಟೋ ಒರೆಸುವ ದಿನ. ಪಡಸಾಲೆಯಲ್ಲಿ, ಜಂತೆಗೆ ಹತ್ತಿರ, ಮುಂದಕ್ಕೆ ಬಾಗಿದಂತೆ ತೂಗುಹಾಕಿದ ಫೋಟೋದ ಕಟ್ಟುಗಳಿವೆ. ದೇವರವು ಮೂರು, ಮುತ್ತ್ಯಾ, ಅಂದರೆ ಅಜ್ಜನದೊಂದು, ಅವನ ಅಪ್ಪನದೊಂದು. ಅವ್ವ ಸ್ಟೂಲು ಹತ್ತಿ ಒಂದೊಂದನ್ನೇ ಇಳಿಸಿ, ಹಸಿ ಬಟ್ಟೆಯಿಂದ ಗಾಜು ಒರೆಸಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದು ಮತ್ತೆ ಏರಿಸುತ್ತಾಳೆ. ಐದೂ ಮುಗಿದ ಮೇಲೆ ಬಟ್ಟೆ ಹಿಂಡದೆ ಸ್ವಲ್ಪ ಹೊತ್ತು ಹಾಗೆಯೇ ನಿಲ್ಲುತ್ತಿದ್ದಳು. ನನಗೆ ಕಾರಣ ಗೊತ್ತಿತ್ತು. ನನಗಿಂತ ಮೊದಲು ಹುಟ್ಟಿದ ಅಕ್ಕ ಒಂಬತ್ತು ತಿಂಗಳ ಕೂಸಾಗಿದ್ದಾಗ ಜ್ವರ ಬಂದು ತೀರಿಕೊಂಡಳು. ಅವಳ ಒಂದು ಫೋಟೋ ಕೂಡ ಇಲ್ಲ. ವರ್ಷ ತುಂಬುವ ಮೊದಲು ಫೋಟೋ ತೆಗೆಸಿದರೆ ಕೂಸಿಗೆ ದೃಷ್ಟಿಯಾಗುತ್ತದೆ ಎಂದು ಆಯಿ, ಅಂದರೆ ಅಪ್ಪನ ತಾಯಿ, ಬೇಡ ಅಂದಿದ್ದಳಂತೆ.

“ಎಲ್ಲಾರಿಗೂ ಒಂದೊಂದ ಕಟ್ಟ ಐತಿ. ನನ್ನ ಕೂಸಿಗೆ ಗ್ವಾಡಿ ಮ್ಯಾಲ ಗೇಣ ಜಾಗ ಇಲ್ಲ,” ಎಂದು ಅವ್ವ ವರ್ಷಕ್ಕೆ ಒಂದೆರಡು ಸಲವಾದರೂ ಅನ್ನುತ್ತಿದ್ದಳು.

“ಮುಖ ಇಲ್ಲದ ಕಟ್ಟ ಏನ್ ಹಾಕ್ತಿ? ಮತ್ತ ಕೂಸು ಹಿರ್ಯಾರ ಸಾಲಿಗೆ ಬರೂದಿಲ್ಲ,” ಎಂದು ಆಯಿ. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಕಳೆದ ಚಳಿಗಾಲದಲ್ಲಿ ಪಡಸಾಲೆಯ ಗೋಡೆಗೆ ಹೊಸದಾಗಿ ಗಾರೆಯ ಗಿಲಾಯಿ ಮಾಡಿಸಿ ಸುಣ್ಣದ ಬಿಳಿ ಬಣ್ಣ ಹೊಡೆಸಿದೆವು. ಬಿಳಿ ಗೋಡೆ ಖಾಲಿ ಕಾಣುತ್ತಿತ್ತು. ನಾನು ಫೋನಿನಲ್ಲಿ ಹುಡುಕಿ ಆರು ಚಿತ್ರ ತರಿಸಿದೆ. ನೂರು ವರ್ಷಕ್ಕೂ ಹಿಂದೆ ಜಪಾನಿನಲ್ಲಿ ತೆಗೆದ ಹೂವಿನ ಫೋಟೋಗಳ ಪ್ರತಿಗಳು. ಕಪ್ಪು ಬಿಳುಪಿನ ಫೋಟೋಗೆ ಆಮೇಲೆ ಬಣ್ಣ ಕೂಡಿಸಿದ್ದು. ಹಿಂದೆ ಬೆಟ್ಟವಿಲ್ಲ, ಕುಂಡವಿಲ್ಲ. ಬರೀ ಮಾಸಿದ ಕಾಗದದ ಬಣ್ಣ, ಮುಂದೆ ಒಂದು ದಂಟು, ಎಲೆ, ಹೂ. ಕಮಲ, ಸೇವಂತಿಗೆ, ಒಂದು ಬಿಳಿ ಲಿಲ್ಲಿಯ ಮೊಗ್ಗು ನನಗೆ ಕೂಡಲೇ ಗುರುತು ಸಿಕ್ಕವು. ಒಂದು ಕಡೆ ಎಸಳಿನ ಗೆರೆ ದಾಟಿ ಬಣ್ಣ ಕೂದಲೆಳೆಯಷ್ಟು ಹೊರಗೆ ಬಂದಿತ್ತು. ಅದು ನನಗೆ ಬಹಳ ಹಿಡಿಸಿತು. ಯಾರದೋ ಕೈ ಅಲ್ಲಿ ಓಡಾಡಿತ್ತು.

ಹಾಳೆಗಳನ್ನು ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಹಿಂದೆ ಫೋಟೋಗೆ ಕಟ್ಟು ಹಾಕುವವರ ಬಳಿ ಒಯ್ದೆ. ಅವರು ಒಂದೊಂದನ್ನೇ ತಿರುಗಿಸಿ ನೋಡಿದರು.

“ಇದರಾಗ ಮುಖ ಎಲ್ಲೈತ್ರಿ ಅಕ್ಕಾರ?”

“ಮುಖ ಇಲ್ರಿ, ಹೂವ ಅಷ್ಟ. ಜಪಾನಿನ ಹಳೇ ಫೋಟೋ ಅದಾವು. ಸುತ್ತ ಬಿಳಿ ಜಾಗ ಬಿಟ್ಟು, ಸಣ್ಣ ಕರೀ ಕಟ್ಟು ಹಾಕ್ರಿ.”

“ಜಪಾನದ್ದು?” ಎಂದು ಅವರು ಇನ್ನೊಮ್ಮೆ ನೋಡಿ, ಯಾಕೋ ದನಿ ತಗ್ಗಿಸಿ, “ಆತ್ರಿ, ಚೊಲೋ ಮಾಡಿ ಕೊಡ್ತೇನಿ,” ಅಂದರು.

ಶಿವರಾತ್ರಿಯ ಹಿಂದಿನ ದಿನ ತರಲು ಹೋದೆ. ಕಪ್ಪು ಕಟ್ಟು ನಾನು ಹೇಳಿದಂತೆಯೇ ಇತ್ತು. ಬಿಳಿ ಅಂಚು ನಾಲ್ಕೂ ಕಡೆ ಒಂದೇ ಅಳತೆ. ಆದರೆ ಆರೂ ಕಟ್ಟುಗಳ ಮೇಲೆ, ನಟ್ಟನಡುವೆ, ಒಂದೊಂದು ಹಿತ್ತಾಳೆ ಕೊಕ್ಕೆ ಮುಂದಕ್ಕೆ ಚಾಚಿಕೊಂಡಿತ್ತು.

“ಇದೇನ್ರಿ?”

“ಹಾರದ ಕೊಕ್ಕಿರಿ. ಪುಕ್ಕಟ ಹಾಕೇನಿ.”

“ಹೂವಿಗ್ಯಾಕ್ರಿ ಹಾರ?”

“ನನ್ನ ಕಡೆ ಕಟ್ಟಿಗೆ ಬರೂದು ಎರಡ ಥರ ಅಕ್ಕಾರ. ಒಂದು ದೇವ್ರು, ಒಂದು ಹೋದಾವ್ರು. ಇವು ದೇವ್ರಂತೂ ಅಲ್ಲ.”

“ಹೋದಾವ್ರೂ ಅಲ್ರಿ!”

“ಹಂಗಂತ ನೀವು ಮೊದಲ ಹೇಳಬೇಕಿತ್ತಲ್ರಿ. ಆ ದೇಶದಾಗ ಹೋದಾವ್ರ ಹೆಸರಲೆ ಹೂವ ಇಡೂ ಪದ್ಧತಿ ಇರಬೇಕಂತ ತಿಳ್ಕೊಂಡ್ನಿ. ಈಗ ಕೊಕ್ಕಿ ಕಿತ್ತರ ಕಟ್ಟಿಗಿ ಸೀಳತೈತಿ.”

ಆರು ಕಟ್ಟುಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಸಿಟ್ಟಿನಲ್ಲಿದ್ದೆ. ಪಡಸಾಲೆಯಲ್ಲಿ ಹಬ್ಬಕ್ಕೆಂದು ಸಿಂದಗಿಯಿಂದ ಬಂದಿದ್ದ ಚಿಗವ್ವ, ಅವ್ವನ ತಂಗಿ, ಕೂತಿದ್ದಳು. ನಾನು ಕಟ್ಟುಗಳನ್ನು ಗೋಡೆಗೆ ಒರಗಿಸಿ ಇಟ್ಟು ಅಂಗಡಿಯ ಕತೆ ಹೇಳಿದೆ. ಚಿಗವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವ ನಗಲಿಲ್ಲ. ಕೆಳಗೆ ಕೂತು ಒಂದು ಕೊಕ್ಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

“ಇದರಾಗ ಒಂದು ನನಗ ಕೊಡ್ತಿ ಏನವಾ?”

ಯಾರಿಗಾಗಿ ಎಂದು ಯಾರೂ ಕೇಳಲಿಲ್ಲ. ಚಿಗವ್ವ ನಗು ನಿಲ್ಲಿಸಿ, ಲಿಲ್ಲಿಯ ಮೊಗ್ಗಿನ ಕಟ್ಟನ್ನು ಮುಂದಕ್ಕೆ ಸರಿಸಿದಳು. “ಇದನ್ನ ತಗೋಳಕ್ಕಾ. ಕೂಸು ಮೊಗ್ಗಿ ಇದ್ದಂಗ ಇತ್ತು.”

“ಬ್ಯಾಡ,” ಅಂದಳು ಅವ್ವ. “ಅಕಿ ಇನ್ನೂ ಕೂಸ ಅದಾಳೇನು? ಇದ್ದಿದ್ರ ಈಗ ಮೂವತ್ತೊಂದು ಆಗ್ತಿತ್ತು ಅಕಿಗೆ. ನನಗ ಅರಳಿದ್ದು ಬೇಕು.”

ಅವಳು ಎತ್ತಿಕೊಂಡದ್ದು ಕೊನೆಯ ಕಟ್ಟನ್ನು. ಅಂಗೈಗಿಂತ ಅಗಲವಾದ, ಮಾಸಲು ಗುಲಾಬಿ ಬಣ್ಣದ, ಎಸಳ ಮೇಲೆ ಎಸಳು ತುಂಬಿ ಅರಳಿದ ಹೂವದು.

ಆಯಿ ಅಲ್ಲೇ ಹೊರಸಿನ ಮೇಲೆ ಕೂತು ಎಲ್ಲವನ್ನೂ ಕೇಳುತ್ತಿದ್ದಳು. ಅವಳು ಬೇಡ ಎಂದರೆ ಅವ್ವ ಕಟ್ಟನ್ನು ಕೆಳಗಿಡುತ್ತಾಳೆ, ಇನ್ನೆಂದೂ ಕೇಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಅಪ್ಪ ಸುತ್ತಿಗೆ, ಮೊಳೆ ಹಿಡಿದು ಬಂದ. ವಿಷಯ ತಿಳಿದು ಅವನೂ ತಾಯಿಯ ಮುಖ ನೋಡಿದ.

“ಮೊಳಿ ಎಲ್ಲಿ ಹೊಡೀಲಿ, ಅದನ್ನರ ಹೇಳ್ರಿ ಯಾರರ.”

“ಮ್ಯಾಲ ಹಾಕಬ್ಯಾಡ,” ಅಂದಳು ಆಯಿ.

“ಹಿರ್ಯಾರ ಸಾಲಿನ್ಯಾಗ ಬ್ಯಾಡ ಅಂತಿ. ಗೊತ್ತೈತಿ ಬಿಡು.”

“ನನ್ನ ಮಾತರ ಮುಗೀಲೋ! ಅಷ್ಟ ಎತ್ತರಕ ಕೂಸು ಅಂಜತೈತಿ. ಕೆಳಗ ಹಾಕು, ಅಕಿ ಅವ್ವ ಕುಂದ್ರೂ ಕಡೆ.”

ಅವ್ವ ಸೆರಗಿನಿಂದ ಗಾಜು ಒರೆಸತೊಡಗಿದಳು. ಅದು ಆಗಲೇ ಸ್ವಚ್ಛವಾಗಿತ್ತು.

“ಅವಾಗ ಫೋಟೋ ಬ್ಯಾಡಂದಾಕಿ ನಾನ,” ಅಂದಳು ಆಯಿ, ಯಾರ ಕಡೆಗೂ ನೋಡದೆ. “ಹಾರ ಮಾತ್ರ ಹಾಕಬ್ಯಾಡ ಯವ್ವಾ. ಸಣ್ಣ ಕೂಸಿಗೆ ಭಾರ ಆಗತೈತಿ. ಒಂದ ಹೂವ ಏರಸು, ಸಾಕು.”

“ಹೂವಿಗೆ ಹೂವ ಏರಸ್ತಾರೇನ್ರಿ ಅತ್ತಿ?” ಎಂದಳು ಚಿಗವ್ವ, ಕಣ್ಣು ಒರೆಸಿಕೊಳ್ಳುತ್ತ.

“ನೀ ಹೂವಿನ ಸೀರಿ ಉಟ್ಟು ತಲಿಯಾಗ ಹೂವ ಮುಡಿದಿಲ್ಲೇನ?”

ಬಾಗಿಲ ಪಕ್ಕದಲ್ಲಿ, ಅವ್ವ ಜೋಳ ಹಸನು ಮಾಡಲು ಕೂರುವ ಜಾಗದಲ್ಲಿ, ಕೂತವರ ಕಣ್ಣಿನ ಮಟ್ಟಕ್ಕೆ ಅಪ್ಪ ಮೊಳೆ ಹೊಡೆದ. ಹಬ್ಬದ ಮರುದಿನ ಅಮಾವಾಸ್ಯೆ. ಅವ್ವ ಐದು ಕಟ್ಟು ಒರೆಸಿ ಇಳಿದು, ಆರನೆಯದಕ್ಕೆ ಬಂದಳು. ಅದಕ್ಕೆ ಸ್ಟೂಲು ಬೇಕಾಗಲಿಲ್ಲ. ಗಾಜಿನ ಕೆಳಮೂಲೆಯಲ್ಲಿ, ಹೂ ಮುಚ್ಚದಂತೆ, ಸಣ್ಣದಾಗಿ ವಿಭೂತಿ ಹಚ್ಚಿ, ಕೊಕ್ಕೆಗೆ ಒಂದು ಕಣಗಿಲೆ ಹೂ ಸಿಕ್ಕಿಸಿದಳು. ಆಮೇಲೆ ಬಟ್ಟೆ ಹಿಂಡಿ ಹಿತ್ತಿಲಿಗೆ ಹೋಗಿ ಒಣಹಾಕಿದಳು. ನಿನ್ನೆಯದು ಐದನೆಯ ಅಮಾವಾಸ್ಯೆ. ಒಮ್ಮೆಯೂ ತಪ್ಪಿಲ್ಲ. ಹಳೆಯ ಮಾತು ಆಮೇಲೆ ಮನೆಯಲ್ಲಿ ಎದ್ದಿಲ್ಲ.

ಉಳಿದ ಐದು ಚಿತ್ರಗಳು ಪಡಸಾಲೆಯ ಎದುರು ಗೋಡೆಯಲ್ಲಿವೆ. ಕಮಲದ ಕೊಕ್ಕೆಗೆ ಅಪ್ಪ ಮೋಟಾರ್‌ಸೈಕಲ್ಲಿನ ಚಾವಿ ತೂಗುಹಾಕುತ್ತಾನೆ. ನಾನು ಬೇಡ ಅಂದು ಅಂದು ಬಿಟ್ಟುಬಿಟ್ಟೆ.

ಏಪ್ರಿಲ್‌ನಲ್ಲಿ ಒಂದು ದಿನ ಕಟ್ಟಿನ ಅಂಗಡಿಗೆ ಹೋಗಿ, ಅಂದು ಬಿರುಸಾಗಿ ಮಾತಾಡಿ ಹೋಗಿದ್ದೆ, ಆದರೆ ನಿಮ್ಮಿಂದ ನಮಗೆ ದೊಡ್ಡ ಉಪಕಾರವಾಯಿತು ಎಂದು ಇದನ್ನೆಲ್ಲ ಹೇಳಿದೆ. ಅವರು ಗಾಜು ಕೊಯ್ಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. “ಕೂಸಿಂದು ಅಂತ ಗೊತ್ತಿದ್ರ ಕೊಕ್ಕಿ ಇನ್ನೂ ಸಣ್ಣದು ಹಾಕ್ತಿದ್ನಿ ಅಕ್ಕಾರ,” ಅಂದರು. ಆ ಹೂವನ್ನು ಕ್ಯಾಮೆರಾದ ಮುಂದೆ ಇಟ್ಟವರಿಗೆ, ಅದಕ್ಕೆ ಬಣ್ಣ ಕೂಡಿಸಿದವರಿಗೆ ಹೀಗೆ ಹೋಗಿ ಹೇಳುವ ದಾರಿ ನನಗಿಲ್ಲ. ಇಲ್ಲಿ ಬರೆದಿಡುತ್ತೇನೆ.

ನಿನ್ನೆ ವಿಭೂತಿ ಹಚ್ಚುತ್ತ ಅವ್ವ ಕೇಳಿದಳು: “ಈ ಹೂವಿಗೆ ಅವರ ಊರಾಗ ಏನಂತ ಕರೀತಾರವಾ?” ನನಗೆ ತಿಳಿದಿರಲಿಲ್ಲ. ಫೋನು ಒಮ್ಮೆ ಒಂದು ಹೆಸರು ತೋರಿಸಿತು, ಇನ್ನೊಮ್ಮೆ ಬೇರೆಯದನ್ನು. ಚಿತ್ರ ಮಾರಿದವರಿಗೆ ಬರೆದೆ, ಉತ್ತರ ಬಂದಿಲ್ಲ. ಹೂ ಗುಲಾಬಿಗಿಂತ ಬಹಳ ದೊಡ್ಡದು, ಎಸಳಿನ ಅಂಚು ನಿರಿಗೆಯಂತೆ ಮಡಚಿದೆ, ನಡುವೆ ಹಳದಿ ಕೇಸರ, ಎಲೆ ಮೂರು ಮೂರಾಗಿ ಸೀಳಿವೆ. ಮುಳ್ಳು ಕಾಣುವುದಿಲ್ಲ. ಈ ಹೂವನ್ನು ಬಲ್ಲವರು, ಅದು ಯಾವ ತಿಂಗಳಲ್ಲಿ ಅರಳುತ್ತದೆ, ಅಲ್ಲಿಯ ತಾಯಂದಿರು ಅದನ್ನು ಏನೆಂದು ಕರೆಯುತ್ತಾರೆ ಎಂದು ತಿಳಿದವರು ದಯವಿಟ್ಟು ಬರೆಯಿರಿ. ಮುಂದಿನ ಅಮಾವಾಸ್ಯೆಯೊಳಗೆ ತಿಳಿದರೆ ಅವ್ವನಿಗೆ ಹೇಳುತ್ತೇನೆ.