ಬಾಯಿಂದ ಊದಿದ ಬಲೂನುಗಳು

ಸೂರ್ಯನ ಒಡಲಲ್ಲಿ ಪರಮಾಣು ಬೀಜಗಳು ಒಂದಾಗಿ ಶಕ್ತಿ ಹೊಮ್ಮಿಸುವ ಕ್ರಿಯೆಯನ್ನು ನೆಲದ ಮೇಲೆ ಸಾಧಿಸಬೇಕೆಂದು ಹಲವು ದೇಶಗಳು ಕೂಡಿ ಕಟ್ಟುತ್ತಿರುವ ನಮ್ಮ ಸ್ಥಾವರದಲ್ಲಿ ದೊಡ್ಡವರಿಗೇನೂ ಬರವಿಲ್ಲ. ಉರಿಯ ಲೆಕ್ಕ ಹಾಕುವವರಿದ್ದಾರೆ, ಅಯಸ್ಕಾಂತ ಸುತ್ತುವವರಿದ್ದಾರೆ, ಸಭೆಗಳಲ್ಲಿ ಸೊಗಸಾಗಿ ಮಾತನಾಡುವವರಂತೂ ಬೇಕಾದಷ್ಟು ಇದ್ದಾರೆ. ಆದರೆ ಆ ಉರಿಯನ್ನು ಹಿಡಿದಿಡುವ ಉಕ್ಕಿನ ಪಾತ್ರೆಯೊಳಗೆ ಹೊರಗಿನ ಗಾಳಿ ಸುಳಿಯಕೂಡದು. ಕೂದಲೆಳೆಯಷ್ಟು ಬಿರುಕಿದ್ದರೂ ಇವರೆಲ್ಲರ ಪಾಂಡಿತ್ಯ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆಯೇ ಸರಿ. ಅಂಥ ಬಿರುಕನ್ನು ಹುಡುಕುವ ವಿದ್ಯೆಯಲ್ಲಿ ನಮ್ಮಲ್ಲಿ ಅಗ್ರಸ್ಥಾನ, ಈ ತಿಂಗಳು ನಿವೃತ್ತರಾಗುತ್ತಿರುವ, ನಾವೆಲ್ಲರೂ ‘ಸೋರಿಕೆ ಅಕ್ಕ’ ಎಂದೇ ಕರೆಯುವ ಹಿರಿಯ ಎಂಜಿನಿಯರರದು.

ಈ ಜಾಗದಲ್ಲಿ ಕೆಸರು ಮತ್ತು ತಗಡಿನ ಶೆಡ್ಡುಗಳಷ್ಟೇ ಇದ್ದಾಗ ಅವರು ಕೆಲಸಕ್ಕೆ ಸೇರಿದರು. ಬೆಸುಗೆ ವಿಭಾಗದವನಾದ ನಾನು ಆಮೇಲೆ ಬಂದವನು. ಕಾರಿಡಾರಿನ ಕೊನೆಯ ಅವರ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಕೆಟಲ್, ಕೆಟ್ಟುಹೋದ ಪಂಪಿನ ಬಿಡಿಭಾಗಗಳು. ಕೋಪಿಸಿಕೊಂಡು ಒಳಗೆ ಹೋದವರು ಚಹಾ ಕುಡಿದು ತಣ್ಣಗಾಗಿ ಹೊರಗೆ ಬರುತ್ತಿದ್ದರು. ನನ್ನ ತಾಯಿ ಆಸ್ಪತ್ರೆ ಸೇರಿದಾಗ, ಕೇಳುವ ಮೊದಲೇ ನನ್ನ ಪಾಳಿಯನ್ನು ತಮ್ಮ ತಲೆಗೆ ಕಟ್ಟಿಕೊಂಡು, “ಅಮ್ಮನ್ನ ನೋಡ್ಕೋ ಹೋಗು, ಕಬ್ಬಿಣ ಎಲ್ಲಿಗೂ ಓಡಿಹೋಗಲ್ಲ” ಎಂದು ಕಳಿಸಿದವರು ಅವರು. ಇಷ್ಟೆಲ್ಲ ಇದ್ದರೂ ಅವರ ಯಜಮಾನರಿಗೆ ಒಂದು ದೂರಿದೆ: “ಲೋಕದ ಸೋರಿಕೆಯೆಲ್ಲ ಹಿಡೀತಾಳೆ, ನಮ್ಮ ಅಡುಗೆಮನೆ ನಲ್ಲಿ ಮಾತ್ರ ಮದುವೆಯಾದಾಗಿಂದ ತೊಟ್ಟಿಕ್ತಾನೇ ಇದೆ!” ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳಿಲ್ಲ.

ಅವರ ಸೇವೆಯ ದಿನಗಳಲ್ಲಿ ನಾನು ಮರೆಯಲಾರದ್ದು ಪಾತ್ರೆಯ ಕೊನೆಯ ಬೆಸುಗೆಯ ಪರೀಕ್ಷೆ. ಪಾತ್ರೆಯೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಹೊರಗಿನಿಂದ ಬೆಸುಗೆಯ ಉದ್ದಕ್ಕೂ ಹೀಲಿಯಂ ಅನಿಲ ಬಿಡುತ್ತಾರೆ. ಎಲ್ಲಾದರೂ ಬಿರುಕಿದ್ದರೆ ಅನಿಲ ಒಳಗೆ ನುಗ್ಗಿ ಮಾಪಕದ ಮುಳ್ಳು ಏಳುತ್ತದೆ. ನನ್ನ ತಂಡ ವರ್ಷಗಟ್ಟಲೆ ಬೆನ್ನು ಬಗ್ಗಿಸಿ ಮುಗಿಸಿದ ಬೆಸುಗೆ ಅದು. ಪರೀಕ್ಷೆ ಶುರುವಾಗುತ್ತಿದ್ದಂತೆ ಮುಳ್ಳು ಮೆಲ್ಲನೆ ಏರತೊಡಗಿತು. ಸೋರಿಕೆ ನಿಜವಾದರೆ ಬೆಸುಗೆಯನ್ನು ಕತ್ತರಿಸಿ ಮತ್ತೆ ಮೊದಲಿನಿಂದ ಮಾಡಬೇಕು. ಮರುದಿನವೇ ದೇಶದೇಶಗಳ ಪ್ರತಿನಿಧಿಗಳ ಸಭೆ. ನನ್ನ ತಂಡವನ್ನು ಮನೆಗೆ ಕಳಿಸುವುದಂತೂ ಖಂಡಿತವಾಗಿತ್ತು.

ಅಕ್ಕ ಮಾತ್ರ ಅನಿಲ ಬಿಡುವುದನ್ನು ನಿಲ್ಲಿಸಲು ಹೇಳಿ, ಕುರ್ಚಿ ಎಳೆದುಕೊಂಡು ಮಾಪಕದ ಮುಂದೆ ಕುಳಿತುಬಿಟ್ಟರು. ನಿಲ್ಲಿಸಿದರೂ ಮುಳ್ಳು ಏರುತ್ತಲೇ ಇತ್ತು.

“ಬೆಸುಗೆ ಸೋರ್ತಿದ್ರೆ ಅಲ್ಲಿ ಗ್ಯಾಸ್ ಬಿಟ್ಟಾಗ ಮಾತ್ರ ಇದು ಹಾರಬೇಕಿತ್ತು. ಬಿಟ್ಟರೂ ಏರ್ತಿದೆ, ಬಿಡದಿದ್ರೂ ಏರ್ತಿದೆ. ಅಂದ್ರೆ ಈ ಡೇರೆಯೊಳಗೆ ಮೊದಲೇ ಹೀಲಿಯಂ ತುಂಬಿದೆ,” ಎಂದರು. ಧೂಳು ಬೀಳದಂತೆ ಬೆಸುಗೆಯ ಸುತ್ತ ಕಟ್ಟಿದ್ದ ಪ್ಲಾಸ್ಟಿಕ್ ಡೇರೆ ಅದು. ಬಳಿಕ ನಮ್ಮತ್ತ ತಿರುಗಿ, “ನಿನ್ನೆ ಇಲ್ಲಿ ಏನು ನಡೀತು?” ಎಂದು ಕೇಳಿದರು.

ನಮ್ಮ ತಂಡದ ಹಿರಿಯ ಬೆಸುಗೆಗಾರ ಕಿಡಿಮಾಮ ನೆಲ ನೋಡಿದರು. “ಕೆಲಸ ಮುಗೀತಲ್ಲ ಅಂತ ಒಂದಿಷ್ಟು ಬಲೂನ್ ಕಟ್ಟಿದ್ವಿ ಅಕ್ಕ.”

“ಯಾವ ಗ್ಯಾಸ್ ತುಂಬಿದ್ರಿ?”

“ಇಲ್ಲೇ ಸಿಲಿಂಡರ್ ಇತ್ತಲ್ಲ...”

ಎಲ್ಲರೂ ತಲೆ ಎತ್ತಿದೆವು. ಕೈತಪ್ಪಿ ಹಾರಿದ್ದ ಬಲೂನುಗಳು ಡೇರೆಯ ಸೂರಿಗೆ ಅಂಟಿಕೊಂಡು ಸುಕ್ಕುಗಟ್ಟಿದ್ದವು. ಮೂಲೆಯ ಸಿಲಿಂಡರಿನ ಬಾಯನ್ನೂ ಸಂಭ್ರಮದಲ್ಲಿ ಸರಿಯಾಗಿ ಬಿಗಿದಿರಲಿಲ್ಲ. ಹಾಗೆ ತುಂಬಿದ ಅನಿಲ, ಪಾತ್ರೆಯ ಕಿಂಡಿಗಳಿಗೆ ತಾತ್ಕಾಲಿಕವಾಗಿ ಕೂರಿಸಿದ್ದ ರಬ್ಬರ್ ಬಳೆಗಳ ಮೂಲಕ ಒಳಗೆ ನುಸುಳುತ್ತಿತ್ತು. ಸೋರಿಕೆ ಹುಡುಕುವ ಅನಿಲದಿಂದಲೇ, ಸೋರಿಕೆ ಹುಡುಕುವ ಮೊದಲೇ ಹಬ್ಬ ಮಾಡುವ ಬುದ್ಧಿ ನಮ್ಮವರಿಗಲ್ಲದೆ ಇನ್ನಾರಿಗೆ ಹೊಳೆದೀತು!

ಬಲೂನು, ಸಿಲಿಂಡರು ಎರಡನ್ನೂ ಹೊರಗೆ ಸಾಗಿಸಿ, ಡೇರೆಯನ್ನು ಬಿಚ್ಚಿ ಗಾಳಿಯಾಡಿಸಿ, ರಬ್ಬರ್ ಬಳೆಗಳನ್ನೂ ಬದಲಿಸಿ, ಪಾತ್ರೆಯ ಗಾಳಿಯನ್ನು ಮತ್ತೆ ಹೀರಿ ತೆಗೆದು, ರಾತ್ರಿ ಇನ್ನೊಮ್ಮೆ ಪರೀಕ್ಷೆ ನಡೆಯಿತು. ಅಕ್ಕ ತಾವೇ ಅನಿಲದ ಕೊಳವೆ ಹಿಡಿದು ಬೆಸುಗೆಯ ಉದ್ದಕ್ಕೂ ನಡೆದರು. ಮುಳ್ಳು ಅಲುಗಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಕಿಡಿಮಾಮ ಅಲ್ಲೇ ನೆಲದ ಮೇಲೆ ಕುಳಿತು ಅತ್ತರು, ನಾನೂ ಅತ್ತೆ.

ಮರುದಿನದ ಸಭೆಯಲ್ಲಿ ಅಕ್ಕ ಒಂದನ್ನೂ ಮುಚ್ಚಿಡದೆ ನಡೆದದ್ದೆಲ್ಲ ಹೇಳಿದರು. ಪ್ರತಿನಿಧಿಯೊಬ್ಬರು ಹುಬ್ಬು ಗಂಟಿಕ್ಕಿ, ಬಲೂನು ಕಟ್ಟಿದವರು ಯಾರೆಂದು ಕೇಳಿದರು. “ಕೆಲಸ ಚೆನ್ನಾಗಿ ಮುಗೀತು ಅಂತ ಖುಷಿಯಾದವರು,” ಎಂದರು ಅಕ್ಕ. ಸಭೆ ನಕ್ಕಿತು, ಮಾತು ಅಲ್ಲಿಗೇ ಮುಗಿಯಿತು. ಹೊರಗೆ ಬಂದವರೇ ನಮಗೆ ಹೇಳಿದ್ದು ಇಷ್ಟೆ: “ಇನ್ಮೇಲೆ ಬಲೂನ್ ಬೇಕಾದ್ರೆ ಬಾಯಲ್ಲಿ ಊದಿ.” ಅಂದಿನಿಂದ ನಮ್ಮಲ್ಲಿ ಅದೇ ಕಾನೂನು.

ಮೊನ್ನೆ ಚಹಾ ಕೋಣೆಯಲ್ಲಿ ನಡೆದ ಅವರ ಬೀಳ್ಕೊಡುಗೆಗೂ ಆ ಕಾನೂನು ತಪ್ಪಲಿಲ್ಲ. ಬೇರೆ ಬೇರೆ ಭಾಷೆಯವರೆಲ್ಲ ಕೆನ್ನೆಯುಬ್ಬಿಸಿ ಊದಿದೆವು. ಕಿಡಿಮಾಮನ ಮುಖವಂತೂ ಕೆಂಪೇರಿತ್ತು. ಒಂದೂ ಮೇಲೇರದೆ, ಎಲ್ಲವೂ ಅಕ್ಕನ ಕಾಲ ಬಳಿ ಹೊರಳಾಡಿದವು. ಅವರು ಒಂದನ್ನೆತ್ತಿ ಕಿವಿಗೆ ಹಿಡಿದು, ಗಂಭೀರವಾಗಿ, “ಇದು ಸೋರ್ತಿದೆ,” ಎಂದರು.

ಸ್ಥಾವರದಲ್ಲಿ ಉರಿ ಹೊತ್ತುವ ದಿನ ಇನ್ನೂ ಬರಬೇಕಿದೆ; ಅಂದು ಅವರು ನಮ್ಮ ನಡುವೆ ನಿಂತು ಅದನ್ನು ಕಾಣಬೇಕು, ಹೊಸಬರ ಕಿವಿ ಹಿಂಡಿ ಕಲಿಸಬೇಕು, ಬಿಡುವಾದರೆ ಮನೆಯ ನಲ್ಲಿಯನ್ನೂ ಒಮ್ಮೆ ನೋಡಬೇಕು. ಮೊನ್ನೆ ಬೀಳ್ಕೊಡುಗೆಯ ಬಲೂನುಗಳಲ್ಲಿ ತುಂಬಿದ್ದುದು ನಮ್ಮೆಲ್ಲರ ಉಸಿರು. ಅವುಗಳಿಂದ ಸೋರಿದ್ದೆಲ್ಲ ನಮ್ಮ ಅಕ್ಕನ ಆಯಸ್ಸಿಗೆ ಸೇರಲಿ.